ಸಿರಿಯ ಕಾಲದ ಹರಕೆ: ಕಂಬಂ ಕಣಿವೆಯ ‘ದೇವರ ಆವು’ ಕುರಿತು

ಕೊಟ್ಟ ಮಾತಿಗೆ ತಪ್ಪದ ನಡತೆಯನ್ನು ಕನ್ನಡ ಮನಸ್ಸು ಬಾಲ್ಯದಲ್ಲಿಯೇ ಕಲಿಯುವುದು ಗೋವಿನ ಹಾಡಿನಿಂದ. ಕಾಳಿಂಗನ ದೊಡ್ಡಿಯ ಪುಣ್ಯಕೋಟಿ ಹುಲಿಗೆ ಕೊಟ್ಟ ಭಾಷೆಯನ್ನು ಉಳಿಸಿಕೊಳ್ಳಲು ಕರುವನ್ನು ಬಿಟ್ಟು ಗವಿಯತ್ತ ನಡೆಯುತ್ತದೆ. ಆ ನಡಿಗೆಯ ಹಿರಿಮೆ ಇರುವುದು ಅದರ ಕೊನೆಯಲ್ಲಿ ಸಾವು ಕಾದಿದೆ ಎಂಬ ಅರಿವಿನಲ್ಲಿ. ಕನ್ನಡದ ಭಕ್ತಿಕಥನಗಳೂ ಬಹುಮಟ್ಟಿಗೆ ಇದೇ ಹಾದಿಯವು. ಹಸಿವು, ಅವಮಾನ, ರಾಜಕೋಪ, ಮಕ್ಕಳ ಸಾವು ಮುಂತಾದ ಕಡು ಪರೀಕ್ಷೆಗಳಲ್ಲಿ ನಿಷ್ಠೆ ಬೆಳಗುತ್ತದೆ. ಆದರೆ ಹುಲಿಯೇ ಇಲ್ಲದ ಕಾಡಿನಲ್ಲಿ, ಹಗೇವು ತುಂಬಿ ಹಟ್ಟಿ ತುಂಬಿ ಯಾರೂ ಏನನ್ನೂ ಕೇಳದಿರುವ ಕಾಲದಲ್ಲಿ, ಕೊಟ್ಟ ಮಾತನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಕಷ್ಟದಲ್ಲಿ ದೇವರನ್ನು ನೆನೆಯಲು ಕಷ್ಟವೇ ಪ್ರೇರಣೆಯಾಗುತ್ತದೆ. ಸುಖದಲ್ಲಿ ಅಂಥ ಪ್ರೇರಣೆ ಇರುವುದಿಲ್ಲ. ಹಾಗಾಗಿ ಎರಡನೆಯದು ಹೆಚ್ಚು ಕಠಿಣವಾದ ವ್ರತವಾಗಿದ್ದರೂ ಕಥನಕ್ಕೆ ಸುಲಭವಾಗಿ ಒಲಿಯುವ ವಸ್ತುವಲ್ಲ.

ಈ ಪ್ರಶ್ನೆಗೆ ಕನ್ನಡದ ಒಂದು ಉತ್ತರ ಕನ್ನಡ ನಾಡಿನ ಹೊರಗೆ, ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿದೆ. ಅದು ಕಾವ್ಯವಲ್ಲ, ಹಾಡೂ ಅಲ್ಲ. ಅದೊಂದು ದನದ ಹಿಂಡು. ಅಲ್ಲಿನ ಕನ್ನಡ ಮಾತಿನ ಕಾಪ್ಪಿಲಿಯ ಸಮುದಾಯ ತಲೆಮಾರುಗಳಿಂದ ಪೋಷಿಸಿಕೊಂಡು ಬಂದಿರುವ ‘ದೇವರ ಆವು’ಗಳ ಹಿಂಡು. ಇದನ್ನು ಜನಾಂಗವಿವರಣೆಯ ಒಂದು ವಿಚಿತ್ರವೆಂದು ದಾಖಲಿಸಿದವರಿದ್ದಾರೆ, ವಲಸೆಯ ನೆನಪಿನ ಅವಶೇಷವೆಂದು ಆದರಿಸಿದವರೂ ಇದ್ದಾರೆ. ಸಮೃದ್ಧಿಯ ಕಾಲದ ದೈವನಿಷ್ಠೆಯ ಕುರಿತಾದ ಒಂದು ಪಠ್ಯವೆಂದು ಇದನ್ನು ಓದುವ ಪ್ರಯತ್ನ ವಿರಳ.

ದಾಖಲೆಯೊಳಗಿನ ಹಿಂಡು

ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ವಿವರಣೆಯಲ್ಲಿ ಕಾಪ್ಪಿಲಿಯರ ಬಗ್ಗೆ ಒಂದು ಬರಹವಿದೆ. ಅವರು ಮುಖ್ಯವಾಗಿ ಮದುರೆ ಮತ್ತು ತಿರುನೆಲ್ವೇಲಿ ಸೀಮೆಗಳಲ್ಲಿ ನೆಲೆಸಿದ ಕನ್ನಡ ಮಾತಿನ ಒಕ್ಕಲುಗಳೆಂದು ಅದು ಹೇಳುತ್ತದೆ. ಮದುರೆಯ ಮೊದಲ ಪಾಳೆಯಗಾರರಲ್ಲಿ ಕೆಲವರು ಕನ್ನಡಿಗರಾಗಿದ್ದರು, ಅವರ ಆಶ್ರಯದಲ್ಲಿ ಈ ಜನ ಬಂದಿರಬೇಕು ಎಂಬ ಹಿಂದಿನ ಜಿಲ್ಲಾ ಕೈಪಿಡಿಯ ಊಹೆಯನ್ನೂ ಅದು ಎತ್ತಿಕೊಳ್ಳುತ್ತದೆ. ತುಂಗಭದ್ರೆಯ ದಡ, ಹಗೆಯ ಭಯ, ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಹೊರಟ ಗುಂಪು, ದಕ್ಷಿಣದ ದಾರಿ: ಈ ಭಾಗದ ವಲಸೆಕಥೆಗಳಿಗೆಲ್ಲ ಇವು ಸಾಮಾನ್ಯವಾದ ಅಂಶಗಳು. ದಿಂಡಿಗಲ್ ಮತ್ತು ಮದುರೆ ಕಡೆಯ ಕನ್ನಡಿಗರಾದ ಅನುಪ್ಪರ ಕಥೆಗಳೂ ಇದೇ ಜಾಡಿನಲ್ಲಿ ಸಾಗುತ್ತವೆ.

ಹಿಂಡಿನ ವಿಷಯಕ್ಕೆ ಬಂದಾಗ ಬರಹದ ಧಾಟಿ ಬದಲಾಗುತ್ತದೆ. ಕನ್ನಡದಲ್ಲಿ ‘ದೇವರು ಆವು’, ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದು ಕರೆಯಲಾಗುವ ಈ ದನಗಳಿಗೆ ಒಬ್ಬ ಅರಸನಿದ್ದಾನೆ. ಅದು ಪಟ್ಟದ ಹೋರಿ. ಅದು ಸತ್ತಾಗ ಉತ್ತರಾಧಿಕಾರಿಯನ್ನು ಮನುಷ್ಯರು ನೇಮಿಸುವುದಿಲ್ಲ. ಹಿಂಡನ್ನು ಒಂದೆಡೆ ಸೇರಿಸಿ, ಕರ್ಪೂರ ಬೆಳಗಿ, ಬಾಳೆಹಣ್ಣು ವೀಳ್ಯಗಳನ್ನಿಟ್ಟು, ಹೋರಿಗಳ ಮುಂದೆ ಕಬ್ಬಿನ ಕಂತೆಯೊಂದನ್ನು ಇಡುತ್ತಾರೆ. ಯಾವ ಹೋರಿ ಮೊದಲು ಮುಂದಾಗುತ್ತದೆಯೋ ಅದೇ ಅರಸು. ಅದಕ್ಕೆ ಹೂವು ಮುಡಿಸಿ ಮೆರವಣಿಗೆ ಮಾಡುತ್ತಾರೆ. ದಾಖಲೆಕಾರರು ಇದನ್ನು ಒಂದು ಚೋದ್ಯವಾಗಿ ಬರೆದು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ವಿಧಿ. ಆ ವಿಧಿಯೊಳಗಿನ ವಿಚಾರವನ್ನು ಅವರು ಕೇಳಲಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ ಕಬ್ಬಿನದು. ದೇವರ ಹಿಂಡಿಗೆ ಅರಸನನ್ನು ಆರಿಸಬೇಕಾದರೆ ಉಪವಾಸಕ್ಕೆ ತಾಳುವ ಹೋರಿಯನ್ನೋ ಕಾದಾಟದಲ್ಲಿ ಗೆಲ್ಲುವ ಹೋರಿಯನ್ನೋ ಆರಿಸಬಹುದಿತ್ತು. ಇಲ್ಲಿ ಆಯ್ಕೆಯಾಗುವುದು ಸಿಹಿಯತ್ತ ಮೊದಲು ಹೆಜ್ಜೆಯಿಟ್ಟದ್ದು. ಕಬ್ಬು ನೀರುಂಡ ನೆಲದ ಬೆಳೆ, ಸಮೃದ್ಧಿಯ ಗುರುತು. ಈ ವಿಧಿ ಸಿರಿಯನ್ನು ಪಾಪವೆಂದು ನೋಡುವುದಿಲ್ಲ, ಸಿಹಿಯ ಆಸೆಯನ್ನು ಹಳಿಯುವುದೂ ಇಲ್ಲ. ಆದರೆ ಆ ಸಿಹಿ ಸಲ್ಲುವುದು ದೇವರ ಹೋರಿಗೆ. ಕಂತೆಯನ್ನು ಕಟ್ಟಿ ತಂದ ಒಕ್ಕಲು ಪಕ್ಕದಲ್ಲಿ ನಿಂತು ನೋಡುತ್ತಾನೆ. ಬೆಳೆದವನೇ ಬೆಳೆಯ ಕೊನೆಯ ಒಡೆಯನಲ್ಲ ಎಂಬುದನ್ನು ಉಪದೇಶವಿಲ್ಲದೆ ಆಡಿ ತೋರಿಸುವ ಒಂದು ಕಿರುನಾಟಕ ಇದು.

ಎರಡನೆಯ ಪ್ರಶ್ನೆ ಬಳಕೆಯದು. ದನವೆಂದರೆ ಒಕ್ಕಲಿಗೆ ಉಳುಮೆ, ಗೊಬ್ಬರ, ಹೈನು ಮತ್ತು ಮಾರಾಟದ ಬೆಲೆ. ದೇವರಿಗೆ ಬಿಟ್ಟ ಹಿಂಡು ಈ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಮನೆಯ ದುಡಿಮೆಗೂ ಸಂತೆಗೂ ಅದು ಸಲ್ಲುವುದಿಲ್ಲ. ಮೇಯಿಸುವ ಶ್ರಮ ಮಾತ್ರ ಊರಿನದು. ಲಾಭದ ಕಣ್ಣಿನಿಂದ ನೋಡಿದರೆ ಇದು ನಿಷ್ಪ್ರಯೋಜಕ ಸಂಪತ್ತು. ಈ ನಿಷ್ಪ್ರಯೋಜಕತೆಯಲ್ಲಿಯೇ ಹಿಂಡಿನ ಅರ್ಥವಿದೆ.

ನೀರು ಬಂದ ಮೇಲೆ

ದಾಖಲೆಯ ಕಾಲವನ್ನು ಗಮನಿಸಿದರೆ ಈ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. 1876ರಿಂದ 1878ರವರೆಗಿನ ದೊಡ್ಡ ಬರ ದಕ್ಷಿಣದ ಜಿಲ್ಲೆಗಳನ್ನು ಸುಟ್ಟಿತ್ತು. ಆ ಬಳಿಕ ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಗೆ ಅಣೆ ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು, ನೀರನ್ನು ಪೂರ್ವಕ್ಕೆ ತಿರುಗಿಸುವ ಕಾಮಗಾರಿ ಜಾನ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ ನಡೆದು 1895ರಲ್ಲಿ ನೀರು ಹರಿಯಿತು. ಆ ನೀರು ಸುರುಳಿ ಹೊಳೆಯನ್ನು ಸೇರಿ ಕಂಬಂ ಕಣಿವೆಯ ಮೂಲಕ ವೈಗೈ ನದಿಗೆ ಸಾಗುತ್ತದೆ. ಕಣಿವೆಯಲ್ಲಿ ಈ ನೀರನ್ನು ನೆಚ್ಚಿದ ಗದ್ದೆಯ ವಿಸ್ತಾರ 14,707 ಎಕರೆ. ಭತ್ತದ ಎರಡು ಬೆಳೆ, ತೆಂಗು, ಬಾಳೆ, ಬಳಿಕ ದ್ರಾಕ್ಷಿ. ಪಕ್ಕದ ಇಡುಕ್ಕಿ ಬೆಟ್ಟಗಳ ಏಲಕ್ಕಿ ತೋಟಗಳೊಡನೆ ನಂಟು. ಬೋಡಿನಾಯಕನೂರಿನ ಏಲಕ್ಕಿ ಹರಾಜು. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಬರದ ಭಯದಿಂದ ಬಿಡುಗಡೆ ಪಡೆದ ನಾಡೊಂದು ನೂರು ವರ್ಷಗಳಲ್ಲಿ ಏನನ್ನು ಕಾಣಬಹುದೋ ಅದನ್ನು ಈ ಕಣಿವೆ ಕಂಡಿದೆ.

ಥರ್ಸ್ಟನ್‌ರ ಸಂಪುಟಗಳು ಬಂದದ್ದು ನೀರು ಹರಿದ ಹದಿನಾಲ್ಕು ವರ್ಷಗಳ ಮೇಲೆ. ಹಿಂಡನ್ನು ಹಳೆಯ ಅಲೆಮಾರಿ ಬದುಕಿನ ಉಳಿಕೆಯೆಂದು ಓದಿದರೆ ಈ ಕಾಲಾನುಕ್ರಮಕ್ಕೆ ಮಹತ್ವವಿಲ್ಲ. ಹರಕೆಯೆಂದು ಓದಿದರೆ ಅದಕ್ಕೆ ಬಹಳ ಮಹತ್ವವಿದೆ. ಹುಲ್ಲುಗಾವಲಿನ ಕಾಲದಲ್ಲಿ ದೇವರ ದನಗಳನ್ನು ಮೇಯಲು ಬಿಡುವುದು ದೊಡ್ಡ ತ್ಯಾಗವೇನಲ್ಲ. ಹುಲ್ಲಿಗೆ ಬೆಲೆಯಿರಲಿಲ್ಲ, ನೆಲಕ್ಕೂ ಹೆಚ್ಚು ಬೆಲೆಯಿರಲಿಲ್ಲ. ನೀರು ಬಂದ ಮೇಲೆ ಪ್ರತಿ ಗುಂಟೆಯೂ ಭತ್ತವಾಗಬಲ್ಲದು, ದ್ರಾಕ್ಷಿಯಾಗಬಲ್ಲದು. ಆಗ ಉಳದ, ಹೈನು ಕೊಡದ ದನಗಳಿಗೆ ಜಾಗ ಬಿಡುವುದೆಂದರೆ ಪ್ರತಿವರ್ಷ ಲೆಕ್ಕಕ್ಕೆ ಸಿಗುವ ನಷ್ಟ. ಬಡತನದಲ್ಲಿ ಅಗ್ಗವಾಗಿದ್ದ ಹರಕೆಗೆ ಸಿರಿಯೇ ಬೆಲೆ ಏರಿಸಿತು. ಮಾಟ್ಟು ಪೊಂಗಲಿನ ದಿನ ಇಂದಿಗೂ ಕಂಬಂನ ನಂದಗೋಪಾಲಸ್ವಾಮಿಯ ತೊಳುವಿಗೆ ಜನ ಸಾಲುಗಟ್ಟಿ ಬರುವುದನ್ನೂ ಹರಕೆಯ ದನಗಳನ್ನು ಒಪ್ಪಿಸುವುದನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಬರುತ್ತಿರುವುದು ನಷ್ಟವನ್ನು ಹೊಸದಾಗಿ ಒಪ್ಪಿಕೊಳ್ಳಲು.

ಕನ್ನಡ ಕಥನದ ದಾರಿಗಳು

ಕನ್ನಡದ ಕಥನಪರಂಪರೆ ಸಿರಿ ಮತ್ತು ದೈವನಿಷ್ಠೆಗಳ ಸಂಬಂಧವನ್ನು ಹಲವು ಬಗೆಯಲ್ಲಿ ಕಲ್ಪಿಸಿದೆ. ಅವುಗಳ ಪಕ್ಕದಲ್ಲಿಟ್ಟಾಗ ಕಂಬಂ ಹಿಂಡಿನ ವಿಶೇಷ ಕಾಣುತ್ತದೆ.

ಮೊದಲನೆಯದು ತೊರೆಯುವ ದಾರಿ. ಪುರಂದರದಾಸರ ಬಗೆಗಿನ ಐತಿಹ್ಯ ಇದರ ಪ್ರಸಿದ್ಧ ಮಾದರಿ. ಜಿಪುಣ ವರ್ತಕ ಶ್ರೀನಿವಾಸ ನಾಯಕ ಹೆಂಡತಿಯ ಮೂಗುತಿಯ ಪವಾಡದಿಂದ ಕಣ್ತೆರೆದು, ಇದ್ದದ್ದನ್ನೆಲ್ಲ ದಾನಮಾಡಿ, ತಂಬೂರಿ ಹಿಡಿದು ಹೊರಡುತ್ತಾನೆ. ಕಥೆ ಬಲವಾದದ್ದು, ಆದರೆ ಸಿರಿಯೊಳಗೆ ಇದ್ದುಕೊಂಡು ನಿಷ್ಠನಾಗಿರುವ ಸಮಸ್ಯೆಯನ್ನು ಅದು ಬಿಡಿಸುವುದಿಲ್ಲ. ಸಿರಿಯನ್ನೇ ತೆಗೆದುಹಾಕಿ ಸಮಸ್ಯೆಯಿಂದ ಪಾರಾಗುತ್ತದೆ. ಗದ್ದೆ ಉಳುವ ಒಂದು ಊರಿಗೆ ಊರೇ ತಂಬೂರಿ ಹಿಡಿದು ಹೊರಡುವಂತಿಲ್ಲ.

ಎರಡನೆಯದು ಧರ್ಮದರ್ಶಿಯ ದಾರಿ. ಬಸವಣ್ಣ ಭಂಡಾರಿಯ ಹುದ್ದೆಯಲ್ಲಿಯೇ ಇದ್ದರು. ಕೈಗೆ ಬಂದದ್ದು ತನ್ನದಲ್ಲ, ಜಂಗಮದ್ದು ಎಂಬ ದಾಸೋಹದ ಅರಿವು ಅವರದು. ಹರಿಹರನ ರಗಳೆಯಲ್ಲಿ ಭಂಡಾರ ಬರಿದಾಯಿತೆಂಬ ದೂರು ಬಂದು ಬಿಜ್ಜಳ ಲೆಕ್ಕ ನೋಡಿದಾಗ ಹೊನ್ನು ಸರಿಯಾಗಿಯೇ ಇರುತ್ತದೆ. ಈ ಪ್ರಸಂಗ ಆಳದಲ್ಲಿ ಸಮೃದ್ಧಿಯ ನೀತಿಯನ್ನೇ ಕುರಿತದ್ದು. ಆದರೂ ಅದರ ಭಾರವೆಲ್ಲ ಒಬ್ಬ ಮಹಾವ್ಯಕ್ತಿಯ ಹೆಗಲ ಮೇಲಿದೆ. ಬಸವಣ್ಣ ಕಲ್ಯಾಣದಿಂದ ಹೊರಟ ಮೇಲೆ ಭಂಡಾರ ಮತ್ತೆ ಬರಿಯ ಭಂಡಾರ.

ಮೂರನೆಯದು ದಂಡನೆಯ ದಾರಿ. ಜನಪದ ಮಹಾಕಾವ್ಯಗಳಲ್ಲಿ ಇದೇ ಮುಂದು. ಮಲೆಯ ಮಾದೇಶ್ವರ ಕಾವ್ಯದ ಸಿರಿವಂತೆ ಬೇವಿನಹಟ್ಟಿ ಕಾಳಮ್ಮ ಭಿಕ್ಷೆಗೆ ಬಂದ ಮಾದಪ್ಪನಿಗೆ ಇಲ್ಲವೆನ್ನುತ್ತಾಳೆ, ಅವಳ ಸಿರಿ ಹಾಳಾಗುತ್ತದೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದ ಸಂಗ್ರಹದಿಂದ ಮೊದಲುಗೊಂಡು ಈ ಕಾವ್ಯದ ಓದುಗರು ಇಂಥ ಪ್ರಸಂಗಗಳಲ್ಲಿ ಶೋಷಿತರ ದೈವವೊಂದು ಉಳ್ಳವರ ಸೊಕ್ಕು ಮುರಿಯುವುದನ್ನು ಗುರುತಿಸಿದ್ದಾರೆ. ಅದು ನ್ಯಾಯವೇ. ಆದರೆ ಅಲ್ಲಿ ದೇವರೇ ಬಂದು ನೆನಪಿಸಬೇಕು. ಬರದಿದ್ದರೆ ಕಾಳಮ್ಮನಿಗೆ ಮರೆವೇ ಸಹಜ.

ಕಂಬಂನ ಹಿಂಡು ಈ ಮೂರಕ್ಕೂ ಹೊರತಾದ ದಾರಿ. ಇಲ್ಲಿ ಯಾರೂ ಸಿರಿಯನ್ನು ತೊರೆಯುವುದಿಲ್ಲ. ಮಹಾಪುರುಷನ ಔದಾರ್ಯವನ್ನು ನೆಚ್ಚಬೇಕಾಗಿಲ್ಲ. ದಂಡಿಸುವ ದೇವರಿಗಾಗಿ ಕಾಯಬೇಕಾಗಿಲ್ಲ. ಸಿರಿಯ ಒಂದು ಪಾಲನ್ನು ಎಲ್ಲರ ಕಣ್ಣೆದುರು, ಬಳಕೆಯಿಂದ ಹೊರಗೆ ಇಟ್ಟು, ಆ ಪಾಲನ್ನು ದಿನವೂ ಮೇಯಿಸುವ ಕೆಲಸವನ್ನು ಊರಿಗೆ ಹಚ್ಚುವುದು ಇದರ ಕ್ರಮ. ಭಾವ ಬತ್ತಿದ ದಿನವೂ ದನ ಹಸಿಯುತ್ತದೆ. ಮೇವು ಹಾಕಲೇಬೇಕು. ಭಕ್ತಿಯನ್ನು ಮನಸ್ಸಿನ ಏರಿಳಿತಕ್ಕೆ ಬಿಡದೆ ಒಂದು ಹೊಣೆಗಾರಿಕೆಯಾಗಿ ಮಾರ್ಪಡಿಸಿದ ಜಾಣ್ಮೆ ಇದು.

ಈ ಜಾಣ್ಮೆ ಕಂಬಂಗೆ ಮಾತ್ರ ಸೀಮಿತವಲ್ಲ. ಚಿತ್ರದುರ್ಗ ಸೀಮೆಯ ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮ್ಯಾಸಬೇಡರಲ್ಲಿ ‘ದೇವರ ಎತ್ತು’ಗಳ ಹಿಂಡುಗಳಿವೆ. ಅವನ್ನು ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಅವನ್ನು ಕಾಯುತ್ತಾರೆ, ಸತ್ತರೆ ಮಣ್ಣು ಮಾಡುತ್ತಾರೆ. ಅಲ್ಲಿಯ ಪರೀಕ್ಷೆ ಬರದ್ದು. ಬೇಸಗೆ ಬಂತೆಂದರೆ ಮೇವಿಗಾಗಿ ಪರದಾಟ. ಕಂಬಂನಲ್ಲಿ ಅದೇ ವ್ರತ ಹಸುರಿನ ನಡುವೆ ಪರೀಕ್ಷೆಗೆ ಒಳಗಾಗಿದೆ. ಒಂದೇ ಕಲ್ಪನೆಯ ಎರಡು ರೂಪಗಳನ್ನು ಜೊತೆಯಾಗಿ ಓದಿದಾಗ ಮಾತ್ರ ಅದರ ಪೂರ್ಣ ಅರ್ಥ ದೊರೆಯುತ್ತದೆ. ಬರದಲ್ಲಿ ದೇವರ ದನಕ್ಕೆ ಮೇವಿಲ್ಲದಿರುವುದು ದುಃಖದ ಸಂಗತಿ. ಸಮೃದ್ಧಿಯಲ್ಲಿ ಮೇವಿಲ್ಲದಿದ್ದರೆ ಅದು ಮರೆವು.

ಬೈಬಲಿನ ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯ ಇದೇ ಮರೆವನ್ನು ಕುರಿತು ಎಚ್ಚರಿಸುತ್ತದೆ. ಮರುಭೂಮಿ ದಾಟಿದ ಜನ ಒಳ್ಳೆಯ ಮನೆ ಕಟ್ಟಿ, ಹೊಟ್ಟೆ ತುಂಬ ಉಂಡು, ದನಕುರಿಗಳು ಹೆಚ್ಚಿದಾಗ ತಮ್ಮನ್ನು ಕರೆತಂದವನನ್ನು ಮರೆಯಬಹುದು, ಎಲ್ಲವೂ ತಮ್ಮ ಕೈಬಲದ ಗಳಿಕೆ ಎಂದುಕೊಳ್ಳಬಹುದು ಎಂಬುದು ಅಲ್ಲಿನ ಆತಂಕ. ವಲಸೆ ಬಂದ ಜನ, ಹೊಸ ನೆಲ, ಹೆಚ್ಚುವ ಹಿಂಡು: ಸನ್ನಿವೇಶ ಕಾಪ್ಪಿಲಿಯರದೇ. ವ್ಯತ್ಯಾಸವಿರುವುದು ಹಿಂಡಿನ ಪಾತ್ರದಲ್ಲಿ. ಆ ಗ್ರಂಥದಲ್ಲಿ ಹೆಚ್ಚಿದ ಹಿಂಡು ಮರೆವಿಗೆ ಕಾರಣ. ಕಂಬಂನಲ್ಲಿ ಹಿಂಡೇ ನೆನಪಿನ ಆಸರೆ. ಯಾವುದರಿಂದ ಮರೆವು ಬರಬಹುದೋ ಅದನ್ನೇ ನೆನಪಿಗೆ ಒತ್ತೆಯಿಟ್ಟಿರುವುದು ಈ ಆಚರಣೆಯ ಅತ್ಯಂತ ಸೂಕ್ಷ್ಮವಾದ ಅಂಶ.

ಹೆಸರಿನ ವ್ಯಾಕರಣ

ದಾಖಲೆಯಲ್ಲಿ ಉಳಿದಿರುವ ಹೆಸರನ್ನು ನಿಧಾನವಾಗಿ ಓದಬೇಕು. ‘ದೇವರ ಆವು’ ಎಂದಿದ್ದರೆ ಅದು ಷಷ್ಠಿ. ದೇವರಿಗೆ ಸೇರಿದ ಹಸು ಎಂದಷ್ಟೇ ಅರ್ಥ. ಥರ್ಸ್ಟನ್ ಬರೆದುಕೊಂಡದ್ದು ‘ದೇವರು ಆವು’. ಇದು ಕೇಳಿ ಬರೆದವರ ಕಿವಿಯ ತಪ್ಪಿರಬಹುದು. ಆಡುಮಾತಿನ ನಿಜವಾದ ರೂಪವೇ ಆಗಿದ್ದರೆ ಅಲ್ಲಿ ಒಡೆತನದ ಪ್ರತ್ಯಯವಿಲ್ಲ. ದೇವರು ಮತ್ತು ಆವು ಪಕ್ಕಪಕ್ಕದಲ್ಲಿ ನಿಂತಿವೆ. ದೇವರ ಹಸು, ದೇವರಾದ ಹಸು ಎರಡೂ ಅರ್ಥಗಳಿಗೆ ಅದು ಎಡೆಕೊಡುತ್ತದೆ. ತಮಿಳಿನ ‘ತಂಬಿರಾನ್ ಮಾಡು’ ಎಂಬಲ್ಲಿ ತಂಬಿರಾನ್ ಎಂದರೆ ಒಡೆಯ. ಅಲ್ಲಿ ಒತ್ತು ಒಡೆತನದ ಮೇಲೆ. ನೆರೆಯವರಿಗೆ ಆ ದನಗಳು ಯಾರ ಸ್ವತ್ತು ಎಂದು ತಿಳಿದರೆ ಸಾಕು, ಅವರು ಮುಟ್ಟದೆ ಬಿಡುತ್ತಾರೆ. ಮನೆಯವರಿಗೆ ಅಷ್ಟು ಸಾಲದು. ಅವರು ಆ ದನಗಳೊಡನೆ ಬಾಳಬೇಕು.

‘ಆವು’ ಎಂಬ ಪದವೂ ಗಮನಾರ್ಹ. ಕರ್ನಾಟಕದ ಇಂದಿನ ಬಳಕೆಯಲ್ಲಿ ಹಸು, ಆಕಳು, ದನಗಳೇ ಹೆಚ್ಚು. ಹಳಗನ್ನಡದ ಓದುಗನಿಗೆ ಪರಿಚಿತವಾದ ಈ ಪದ ವಲಸೆಯವರ ಮಾತಿನಲ್ಲಿ ದೇವರೊಡನೆ ಸೇರಿ ಉಳಿದುಕೊಂಡಿದೆ. ಗಡಿಯಾಚೆಯ ಕನ್ನಡದ ಅಧ್ಯಯನಗಳು ಇಂಥ ಪದಗಳನ್ನು ಕಂಡಾಗ ಹಳೆಯ ರೂಪ ಉಳಿದಿದೆ ಎಂದು ಸಂತೋಷಪಟ್ಟು ಪಟ್ಟಿಗೆ ಸೇರಿಸುತ್ತವೆ. ಅದು ಏಕೆ ಉಳಿಯಿತೆಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಶಾಲೆ, ಕಚೇರಿ, ಸಂತೆಗಳಲ್ಲಿ ತಮಿಳಿದ್ದರೂ ಮನೆಯಲ್ಲಿ ಕನ್ನಡ ಉಳಿಸಿಕೊಂಡ ಜನಕ್ಕೆ ಈ ಪದ ಬೇಕಾಗಿತ್ತು, ಏಕೆಂದರೆ ಅದು ಸೂಚಿಸುವ ವಸ್ತು ಕಣ್ಣೆದುರಿಗಿತ್ತು ಮತ್ತು ಅದಕ್ಕೆ ಹುಲ್ಲು ಹಾಕಬೇಕಿತ್ತು. ಕೆಲಸದೊಡನೆ ಕಟ್ಟಿಕೊಂಡ ಮಾತು ಬೇಗ ಸಾಯುವುದಿಲ್ಲ.

ಈ ಓದಿಗೆ ಎರಡು ಆಕ್ಷೇಪಗಳಿವೆ. ಹಿಂಡು ದೈವನಿಷ್ಠೆಗಿಂತ ಜಾತಿಪ್ರತಿಷ್ಠೆಯ ಗುರುತಲ್ಲವೇ ಎಂಬುದು ಮೊದಲನೆಯದು. ದೇವರಿಗೆಂದು ಬಿಟ್ಟ ಸಂಪತ್ತು ಬಿಟ್ಟವರ ಘನತೆಯನ್ನೂ ಮೆರೆಸುತ್ತದೆ ಎಂಬುದು ನಿಜ. ಪಟ್ಟದ ಹೋರಿಯ ಮೆರವಣಿಗೆಯಲ್ಲಿ ಸಮುದಾಯವೂ ಮೆರೆಯುತ್ತದೆ. ಸಿರಿಯ ಕಾಲದ ಭಕ್ತಿಗೆ ಇದೇ ಒಳಗಿನ ಅಪಾಯ. ತ್ಯಾಗವೇ ಪ್ರದರ್ಶನವಾಗಬಹುದು. ಎರಡನೆಯದು ಶ್ರಮದ ಪ್ರಶ್ನೆ. ದನ ಕಾಯುವವರ, ಕೊಟ್ಟಿಗೆ ಗುಡಿಸುವವರ, ಅದರಲ್ಲೂ ಹೆಂಗಸರ ಮಾತು ಹಳೆಯ ದಾಖಲೆಯಲ್ಲಿ ಕೇಳಿಸುವುದಿಲ್ಲ. ಹರಕೆ ಊರಿನದಾದರೂ ಅದರ ದಿನನಿತ್ಯದ ಭಾರ ಎಲ್ಲರ ಮೇಲೂ ಸಮವಾಗಿ ಬಿದ್ದಿರಲಾರದು. ಆಚರಣೆಯನ್ನು ಕೊಂಡಾಡುವ ಬರಹಗಳು ಈ ಎರಡು ಆಕ್ಷೇಪಗಳನ್ನು ದಾಟಿ ಹೋಗುವಂತಿಲ್ಲ. ಇವು ಆಚರಣೆಯ ಅರ್ಥವನ್ನು ಅಳಿಸುವುದಿಲ್ಲ, ಅದನ್ನು ಮನುಷ್ಯರ ನಡುವೆ ತಂದು ನಿಲ್ಲಿಸುತ್ತವೆ.

ಇಂದಿನ ಪರೀಕ್ಷೆ

ಸಮೃದ್ಧಿ ನಿಷ್ಠೆಯನ್ನು ಕೆಡಿಸುವುದು ಅಹಂಕಾರದಿಂದ ಎಂದು ನೀತಿಗ್ರಂಥಗಳು ಹೇಳುತ್ತವೆ. ಕಂಬಂ ಕಣಿವೆಯ ಅನುಭವ ಬೇರೊಂದು ಕಾರಣವನ್ನೂ ತೋರಿಸುತ್ತದೆ. ಸಮೃದ್ಧಿ ಜಾಗವನ್ನು ತುಂಬುತ್ತದೆ. ಗದ್ದೆ, ತೋಟ, ರಸ್ತೆ, ಮನೆಗಳು ಹಬ್ಬಿದಂತೆ ಮೇಯುವ ನೆಲ ಕುಗ್ಗುತ್ತದೆ. ಯಾರೂ ದೇವರನ್ನು ನಿರಾಕರಿಸದೆಯೇ ದೇವರ ದನಗಳಿಗೆ ನಿಲ್ಲಲು ಎಡೆಯಿಲ್ಲದಂತಾಗಬಹುದು.

ಇದಕ್ಕೆ ಕಾಡಿನ ಪ್ರಶ್ನೆಯೂ ಸೇರಿದೆ. ತೇನಿ ಸೀಮೆಯ ‘ಮಲೈ ಮಾಡು’ ಎಂಬ ಬೆಟ್ಟದ ದನಗಳು ಹಿಂದಿನಿಂದಲೂ ಪಶ್ಚಿಮ ಘಟ್ಟದ ಇಳಿಜಾರುಗಳಲ್ಲಿ ಮೇಯುತ್ತ ಬಂದವು. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಮೀಸಲು ಪ್ರದೇಶ ಘೋಷಣೆಯಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಬಳಿಕ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ಮೀಸಲು ಪ್ರದೇಶಗಳಿಗೆ ಸೀಮಿತಗೊಳಿಸಿತು. ಕಾಡಿನ ರಕ್ಷಣೆಯೂ ಒಂದು ಹೊಣೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಕೆಳಗೆ ತೋಟ, ಮೇಲೆ ಮೀಸಲು ಕಾಡು, ಇವೆರಡರ ನಡುವೆ ದನ ಸಾಕುವವರ ನೆಲ ಕಿರಿದಾಗುತ್ತಿದೆ. ಪುಣ್ಯಕೋಟಿಯ ಕಥೆಯಲ್ಲಿ ಹುಲಿ ಮತ್ತು ಹಸು ಎದುರುಬದುರಾಗಿ ಮಾತಾಡಿಕೊಂಡಿದ್ದವು. ಇಲ್ಲಿ ಅವುಗಳ ನಡುವೆ ಕಾನೂನಿದೆ, ನೀರಾವರಿಯಿದೆ, ಮಾರುಕಟ್ಟೆಯಿದೆ. ಮಾತಾಡಿಕೊಳ್ಳಬೇಕಾದವರು ಮನುಷ್ಯರು.

ಮೇವನ್ನು ಕೊಂಡು ತಂದು ಹಾಕಬಹುದು. ಕಣಿವೆಯಲ್ಲಿ ಹಣಕ್ಕೆ ಹಿಂದಿನ ಕೊರತೆಯಿಲ್ಲ. ಹಬ್ಬದ ದಿನ ಹೊರೆಗಟ್ಟಲೆ ಹುಲ್ಲು ಬರುತ್ತದೆ. ಇಲ್ಲಿಯೇ ಆಚರಣೆ ತನ್ನ ಅತ್ಯಂತ ನಯವಾದ ಕವಲಿಗೆ ಬಂದು ನಿಂತಿದೆ. ದಿನವೂ ಮೇಯಿಸುವ ಹೊಣೆ ವರ್ಷಕ್ಕೊಮ್ಮೆ ಕೊಡುವ ಕಾಣಿಕೆಯಾಗಿ ಮಾರ್ಪಟ್ಟರೆ ಹಿಂಡು ಉಳಿಯುತ್ತದೆ, ಹರಕೆ ತೆಳುವಾಗುತ್ತದೆ. ಕಾಣಿಕೆ ಸಿರಿಯ ಮಿಗುತಾಯದಿಂದ ಬರುವಂಥದ್ದು. ಹರಕೆ ಸಿರಿಯ ನಡುವಿನಿಂದಲೇ ಕಡಿದು ಕೊಟ್ಟದ್ದು. ಭಾಷೆಯ ವಿಷಯದಲ್ಲೂ ಇದೇ ಮಾತು. ಹಬ್ಬಕ್ಕೊಮ್ಮೆ ಕನ್ನಡಿಗರೆಂದು ಹೇಳಿಕೊಳ್ಳುವುದು ಬೇರೆ, ದಿನವೂ ಕೊಟ್ಟಿಗೆಯಲ್ಲಿ ನಿಂತು ಹಸುವನ್ನು ‘ಆವು’ ಎಂದು ಕರೆಯುವುದು ಬೇರೆ.

ಕಂಬಂನ ಹಿಂಡಿನಿಂದ ಕನ್ನಡ ವಿಮರ್ಶೆ ಕಲಿಯಬೇಕಾದದ್ದು ಇದೆ. ಭಕ್ತಿಸಾಹಿತ್ಯದ ಚರ್ಚೆ ಬಹುಕಾಲದಿಂದ ತ್ಯಾಗ ಮತ್ತು ಪ್ರತಿಭಟನೆ ಎಂಬ ಎರಡು ಕಂಬಗಳ ಮೇಲೆ ನಿಂತಿದೆ. ಉಂಡು ತೃಪ್ತರಾದ ಜನ ತಮ್ಮ ಮಾತನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂಬುದನ್ನು ಅದು ಅಷ್ಟಾಗಿ ಕೇಳಿಲ್ಲ. ಬರಹವಿಲ್ಲದ, ಕವಿಯಿಲ್ಲದ, ಗಡಿಯಾಚೆಯ ಒಂದು ಒಕ್ಕಲು ಸಮುದಾಯ ಆ ಪ್ರಶ್ನೆಯನ್ನು ಕೇಳಿಕೊಂಡು, ಉತ್ತರವನ್ನು ನಾಲ್ಕು ಕಾಲುಗಳ ಮೇಲೆ ನಿಲ್ಲಿಸಿತು. ಆ ಉತ್ತರಕ್ಕೆ ಪ್ರತಿದಿನ ಮೇವು ಬೇಕು. ಮೇವು ಹಾಕುವ ಕೈ ಇರುವವರೆಗೆ ಮಾತು ಉಳಿದಿರುತ್ತದೆ.